ಸಾನಪಾಡಾದಿಂದ ಠಾಣೆಗೆ ಏಳು ನಮಸ್ಕಾರ

ಮೇ ತಿಂಗಳ ಮೂರನೆಯ ವಾರ, ಬೆಳಿಗ್ಗೆ ಹತ್ತೂವರೆ. ಮಳೆ ಇನ್ನೂ ಬಂದಿರಲಿಲ್ಲ. ಮೋಡ ಕಟ್ಟಿ, ಗಾಳಿ ನಿಂತು, ಅಂಗಿ ಬೆನ್ನಿಗೆ ಅಂಟುವ ಹೊತ್ತು. ತುರ್ಭೆಯ ಶೋರೂಮಿನಲ್ಲಿ ಹೊಸ ಗಾಡಿಗೆ ಕೆಂಪು ಬಟ್ಟೆ ಹೊದೆಸಿ ನಿಲ್ಲಿಸಿದ್ದರು. ವಿಶಾಲಣ್ಣ ಒಂದು ತುದಿ ಹಿಡಿದರು, ಅವರ ಹೆಂಡತಿ ಶ್ರದ್ಧಾ ಇನ್ನೊಂದು ತುದಿ. ಬಟ್ಟೆ ಜಾರಿ ಬಿತ್ತು. ಮಗಳು ಮಾನಸಿ ಫೋನಿನಲ್ಲಿ ಚಿತ್ರ ತೆಗೆದಳು. ವಿಶಾಲಣ್ಣನ ತಾಯಿ ವಿನೋದಮ್ಮ ಕುರ್ಚಿಯಲ್ಲಿ ಕೂತು ನೋಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ನಾನು ಆ ಮನೆಯ ಡ್ರೈವರ್. ಹೆಸರು ಕಮಲಾಕ್ಷ. ವಿನೋದಮ್ಮನ ಗಂಡ ಲೋಕನಾಥ ಶೆಟ್ಟರು ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟವರು. ಅವರು ತೀರಿಕೊಂಡು ಆರು ವರ್ಷವಾಯಿತು. ತೊಂಬತ್ತೆಂಟರಲ್ಲಿ ಅವರ ಗಾಡಿಯ ಸ್ಟೇರಿಂಗ್ ಹಿಡಿದೆ. ಅಲ್ಲಿಂದ ಇಪ್ಪತ್ತೇಳು ವರ್ಷದಲ್ಲಿ ಮನೆ ಸಾನಪಾಡಾಕ್ಕೆ ಬಂತು, ಗಾಡಿ ಮೂರು ಸಲ ಬದಲಾಯಿತು, ಡ್ರೈವರ್ ಬದಲಾಗಲಿಲ್ಲ.

ಹೊಸ ಗಾಡಿಯ ಹೆಸರು ಹಳೆಯದೇ. ಹದಿನಾಲ್ಕು ವರ್ಷ ನಾನು ಓಡಿಸಿದ ಗಾಡಿಯ ಹೆಸರನ್ನೇ ಕಂಪೆನಿಯವರು ಇದಕ್ಕೂ ಇಟ್ಟು, ಉಳಿದದ್ದನ್ನೆಲ್ಲ ಮೊದಲಿಂದ ಮಾಡಿದ್ದರು. ಹಳೆಯದಕ್ಕಿಂತ ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ. ಮುಂದಿನ ಮೂತಿ ಗೋಡೆಯ ಹಾಗೆ ನೇರ. ಮೂರು ಸಾಲು ಸೀಟು, ಏಳು ಜನ. ಮಧ್ಯದ ಸಾಲಿನಲ್ಲಿ ಎರಡೇ ಸೀಟು, ಕೈ ಇಡಲು ಜಾಗವಿದ್ದು ಆರಾಮಕುರ್ಚಿಯಂತೆ ಇದ್ದವು. ಬಾಗಿಲು ತೆಗೆದ ಕೂಡಲೇ ಕೆಳಗಿನಿಂದ ಒಂದು ಮೆಟ್ಟಿಲು ತಾನಾಗಿ ಹೊರಗೆ ಬರುತ್ತಿತ್ತು. ಆ ಮೆಟ್ಟಿಲನ್ನು ನೋಡಿಯೇ ವಿಶಾಲಣ್ಣ ಗಾಡಿ ಬುಕ್ ಮಾಡಿದ್ದು. ವಿನೋದಮ್ಮನ ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ಹಳೆಯ ಗಾಡಿಗೆ ಹತ್ತಿಸಲು ನಾನು ಮರದ ಮಣೆಯೊಂದನ್ನು ಇಟ್ಟುಕೊಳ್ಳುತ್ತಿದ್ದೆ.

ಶೋರೂಮಿನ ಹುಡುಗಿ ನನ್ನನ್ನು ಸೀಟಿನಲ್ಲಿ ಕೂರಿಸಿ ಹಿಂದಿಯಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಗೇರಿನ ಕೋಲು ಇರಲಿಲ್ಲ, ಒಂದು ತಿರುಗಿಸುವ ಗುಂಡಿ ಇತ್ತು. ಗಾಡಿಗೆ ನಾಲ್ಕೂ ದಿಕ್ಕಿನಲ್ಲಿ ಕ್ಯಾಮೆರಾ. ರಸ್ತೆಯ ಬಿಳಿ ಪಟ್ಟಿ ದಾಟಿದರೆ ಸ್ಟೇರಿಂಗನ್ನು ತಾನೇ ಎಳೆದು ಒಳಗೆ ತರುತ್ತದೆ. ಮುಂದಿನ ಗಾಡಿ ನಿಂತರೆ ತಾನೇ ಬ್ರೇಕ್ ಹಾಕುತ್ತದೆ. ಸೀಟಿನಿಂದ ತಣ್ಣನೆ ಗಾಳಿ ಬರುತ್ತದೆ.

"ಸಬ್ ಕುಛ್ ಗಾಡಿ ದೇಖ್ ಲೇತೀ ಹೈ, ಅಂಕಲ್" ಎಂದಳು. ಎಲ್ಲ ಗಾಡಿಯೇ ನೋಡಿಕೊಳ್ಳುತ್ತದಂತೆ.

"ಹಾಗಾದ್ರೆ ಕಮಲಾಕ್ಷ ಎಂತ ನೋಡುದು?" ಎಂದು ವಿನೋದಮ್ಮ ಕುರ್ಚಿಯಿಂದಲೇ ಕೇಳಿದರು.

ಹುಡುಗಿಗೆ ಭಾಷೆ ತಿಳಿಯದಿದ್ದರೂ ನಕ್ಕಳು. ಸ್ಟೇರಿಂಗಿನ ಹಿಂದೆ ಬೆರಳಿನಷ್ಟು ದೊಡ್ಡ ಕಪ್ಪು ಗಾಜೊಂದನ್ನು ತೋರಿಸಿ, ಇದು ಡ್ರೈವರನ್ನು ನೋಡುವ ಕ್ಯಾಮೆರಾ ಎಂದಳು.

ಹೊರಗೆ ಗಾಡಿಗೆ ಪೂಜೆಯಾಗುವಾಗ ವಿಶಾಲಣ್ಣ ನನ್ನನ್ನು ಬದಿಗೆ ಕರೆದರು. ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಾಲೆಗೆ ಬಿಟ್ಟವನು ನಾನು. ಈಗ ಮಾತು ಶುರು ಮಾಡಲು ಅವರಿಗೆ ಕಷ್ಟವಾಯಿತು.

"ಕಮಲಣ್ಣ, ನಿಮಗೆ ಅರವತ್ತಾರು ಆಯ್ತು. ಅಮ್ಮ ಕೂರುವ ಗಾಡಿ, ಮಾನಸಿ ಕೂರುವ ಗಾಡಿ."

"ಹೌದು."

"ಯಾರು ಹೇಗೆ ಓಡಿಸ್ತಾರೆ ಅಂತ ಇದೇ ರಿಪೋರ್ಟ್ ಕೊಡ್ತದೆ, ನನ್ನ ಫೋನಿಗೆ. ಗಣಪತಿ ತನಕ ನೋಡುವ. ಸರಿ ಇದ್ರೆ ನೀವೇ. ಇಲ್ಲದಿದ್ರೆ ಶ್ರದ್ಧಾ ಓಡಿಸ್ತಾಳೆ, ನೀವು ಮನೆಯಲ್ಲಿ ಆರಾಮ ಮಾಡಿ."

ಆಯಿತು ಎಂದೆ. ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಸ್ಟೇರಿಂಗ್ ಬಿಟ್ಟರೆ ಬೇರೆ ಕೆಲಸ ಬಾರದು. ಆರಾಮ ಮಾಡುವುದಂತೂ ಬಾರದು.

ಗಾಡಿ ಒಳ್ಳೆಯದಿತ್ತು. ಅದನ್ನು ಹೇಳಬೇಕು. ಜೂನಿನಲ್ಲಿ ಕಲ್ಯಾಣದಲ್ಲಿ ಒಂದು ಮದುವೆಗೆ ಏಳು ಜನ ತುಂಬಿ, ಹಿಂದೆ ಉಡುಗೊರೆ ಪೆಟ್ಟಿಗೆ ಹೇರಿ ಹೊರಟೆವು. ಮಹಾಪೆಯಿಂದ ಶೀಳಿಗೆ ಹೋಗುವ ಏರಿನಲ್ಲಿ ಹಳೆಯ ಗಾಡಿಗೆ ಇಷ್ಟು ಜನ ತುಂಬಿದರೆ ಎರಡನೆಯ ಗೇರಿಗೆ ಇಳಿಯಬೇಕಿತ್ತು, ಎಂಜಿನ್ ಗೊರಗೊರ ಎನ್ನುತ್ತಿತ್ತು, ಏಸಿ ಬಂದ್ ಮಾಡಬೇಕಿತ್ತು. ಇದು ಏರು ಬಂದದ್ದನ್ನೇ ತೋರಿಸಲಿಲ್ಲ. ಇದಕ್ಕೆ ಹತ್ತು ಗೇರು. ಯಾವುದರಿಂದ ಯಾವುದಕ್ಕೆ ಹೋಯಿತೆಂದು ಕಾಲಿಗೂ ಗೊತ್ತಾಗುವುದಿಲ್ಲ, ಕಿವಿಗೂ ಗೊತ್ತಾಗುವುದಿಲ್ಲ. ಕಟಾಯಿ ನಾಕಾದ ಹೊಂಡಗಳಲ್ಲಿ ಹಿಂದಿನ ಸಾಲಿನವರು ತಲೆ ಬಡಿದುಕೊಳ್ಳಲಿಲ್ಲ. ಕಂಟೇನರ್ ಲಾರಿಯೊಂದನ್ನು ಹಿಂದೆ ಹಾಕಲು ಕಾಲು ಒತ್ತಿದೆ. ಎರಡು ಟನ್ನಿಗೂ ಮೀರಿದ ಗಾಡಿ ಕರುವಿನ ಹಾಗೆ ಹಾರಿತು.

"ಅಜ್ಜಾ, ಕ್ಯಾ ಪಿಕಪ್ ಹೈ" ಎಂದಳು ಹಿಂದಿನಿಂದ ಮಾನಸಿ.

"ಮೆಲ್ಲ ಮೆಲ್ಲ. ಮದುವೆ ನಮ್ಮದಲ್ಲ" ಎಂದರು ವಿನೋದಮ್ಮ.

ಫ್ಲಾಟಿನ ಸೊಸೈಟಿಯ ಪಾರ್ಕಿಂಗಿನಲ್ಲಿ ಎರಡು ಕಂಬದ ನಡುವೆ ಅದನ್ನು ಸೇರಿಸುವುದು ಮಾತ್ರ ಕಷ್ಟ. ಆಚೆ ನಾಲ್ಕು ಬೆರಳು, ಈಚೆ ನಾಲ್ಕು ಬೆರಳು. ಪರದೆಯ ಮೇಲೆ ಗಾಡಿಯನ್ನು ಮೇಲಿನಿಂದ ನೋಡಿದ ಹಾಗೆ ಚಿತ್ರ ಬರುತ್ತಿತ್ತು. ನಾನು ಅದನ್ನೂ ನೋಡಿದೆ, ಕನ್ನಡಿಯನ್ನೂ ನೋಡಿದೆ. ಒಂದು ಗೀರು ಬೀಳಲಿಲ್ಲ.

ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ವಿನೋದಮ್ಮನನ್ನು ಠಾಣೆಗೆ ಕರೆದೊಯ್ಯಬೇಕಿತ್ತು. ಅಲ್ಲಿ ಒಬ್ಬ ಡಾಕ್ಟರು ಮೊಣಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಸಾನಪಾಡಾದಿಂದ ಠಾಣೆ-ಬೇಲಾಪುರ ರಸ್ತೆ ಹಿಡಿದರೆ ತುರ್ಭೆ, ಕೋಪರಖೈರಣೆ, ಘಣಸೋಲಿ, ರಬಾಳೆ, ಐರೋಳಿ, ದಿಘಾ, ಕಳವಾ, ಠಾಣೆ. ಆ ರಸ್ತೆ ಎರಡೇ ಲೇನು ಇದ್ದ ಕಾಲದಿಂದ ನನಗೆ ಗೊತ್ತು.

ಆ ರಸ್ತೆಯಲ್ಲಿ ನಾನು ಏಳು ಕಡೆ ಕೈ ಎತ್ತುತ್ತಿದ್ದೆ. ಬಲಗೈ ಸ್ಟೇರಿಂಗ್ ಬಿಟ್ಟು ಎದೆಗೆ, ಎದೆಯಿಂದ ಹಣೆಗೆ. ಅಷ್ಟು ಹೊತ್ತು ಕಣ್ಣು ಮುಚ್ಚುತ್ತದೆ. ತುರ್ಭೆ ನಾಕಾದಲ್ಲಿ ಮಾರುತಿ, ಕೋಪರಖೈರಣೆಯ ತಿರುವಿನಲ್ಲಿ ದತ್ತ, ಘಣಸೋಲಿಯಲ್ಲಿ ಹಸಿರು ಬಟ್ಟೆ ಹೊದ್ದ ಒಂದು ಪೀರರ ಗೋರಿ, ರಬಾಳೆಯಲ್ಲಿ ಕಾರ್ಖಾನೆಯ ಗೋಡೆಗೆ ತಾಗಿ ಒಂದು ದೇವಿ, ಹೀಗೆ ಕಳವಾದ ತನಕ. ಎಲ್ಲವೂ ಆಳೆತ್ತರದ ಗುಡಿಗಳು. ಏಳರಲ್ಲಿ ಮೂರು ಈಗ ಇಲ್ಲ. ರಸ್ತೆ ಅಗಲ ಮಾಡುವಾಗ, ಬ್ರಿಜ್ ಕಟ್ಟುವಾಗ ತೆಗೆದರು. ದತ್ತನಿದ್ದ ಕಡೆ ಬ್ರಿಜ್ಜಿನ ಕಂಬವಿದೆ, ರಬಾಳೆಯ ದೇವಿಯಿದ್ದ ಕಡೆ ಬಸ್ ಸ್ಟಾಪಿನ ಬೆಂಚಿದೆ. ಅಲ್ಲೂ ನನ್ನ ಕೈ ಮೇಲೇಳುತ್ತಿತ್ತು.

ಇದು ಭಕ್ತಿಯೊಂದೇ ಅಲ್ಲ. ಎಂಬತ್ತೊಂದರಲ್ಲಿ ನಾನು ಕುಂದಾಪುರದ ಜಯಶೀಲ ಎಂಬ ಡ್ರೈವರನ ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಮಂಗಳೂರಿನಿಂದ ತುರ್ಭೆಗೆ ಹೆಂಚು ತರುತ್ತಿದ್ದೆವು. ಜಯಶೀಲಣ್ಣ ದಾರಿಯ ಒಂದು ಗುಡಿಯನ್ನೂ ಬಿಡುತ್ತಿರಲಿಲ್ಲ. ಗೋರಿ, ಶಿಲುಬೆ ಯಾವುದನ್ನೂ ಬಿಡುತ್ತಿರಲಿಲ್ಲ. ನನಗೆ ಸ್ಟೇರಿಂಗ್ ಕೊಟ್ಟ ದಿನ ಹೇಳಿದ್ದು ಇಷ್ಟೇ: "ಲೆಕ್ಕ ಇಡು. ಕೈ ಎತ್ತದೆ ಒಂದು ಗುಡಿ ಹಿಂದೆ ಹೋಯ್ತು ಅಂದ್ರೆ ನೀನು ನಿದ್ದೆಯಲ್ಲಿ ಇದ್ದಿ ಅಂತ ಅರ್ಥ. ಅಲ್ಲೇ ಗಾಡಿ ಬದಿಗೆ ಹಾಕು." ಆಗಿನ ಡ್ರೈವರುಗಳೆಲ್ಲ ಹಾಗೆಯೇ ಎಚ್ಚರ ಇರುತ್ತಿದ್ದದ್ದು. ನಲವತ್ತು ವರ್ಷ ನನ್ನಿಂದ ಒಂದೂ ಹಿಂದೆ ಹೋಗಲಿಲ್ಲ. ವಿನೋದಮ್ಮ ಹಿಂದಿನ ಸೀಟಿನಲ್ಲಿ ನನ್ನ ಕೈ ನೋಡಿಕೊಂಡು ತಾವೂ ಕೈ ಮುಗಿಯುತ್ತಿದ್ದರು. ಧನಿಗಳು, ಲೋಕನಾಥ ಶೆಟ್ಟರು, ಪೇಪರ್ ಓದುತ್ತಿದ್ದರು.

ಹೊಸ ಗಾಡಿಯಲ್ಲಿ ಮೊದಲ ಮಂಗಳವಾರ ಘಣಸೋಲಿ ದಾಟುವಾಗ ಗಂಟೆಯಂತೆ ಒಂದು ಸದ್ದಾಯಿತು. ಸ್ಟೇರಿಂಗಿನ ಹಿಂದಿನ ಪರದೆಯಲ್ಲಿ ಒಂದು ಕಪ್ಪಿನ ಚಿತ್ರ ಮೂಡಿತು, ಮೇಲೆ ಹಬೆ ಏಳುವ ಹಾಗೆ ಮೂರು ಗೆರೆ. ಒಂದು ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು.

"ಎಂತದು ಕಮಲಾಕ್ಷ?"

"ಚಾ ಕಪ್ಪು ತೋರಿಸ್ತಾ ಉಂಟು ಅಮ್ಮ."

ವಿನೋದಮ್ಮ ಕನ್ನಡಕ ಹಾಕಿ ಮುಂದಕ್ಕೆ ಬಾಗಿ ನೋಡಿದರು. "ಹೌದು ಮಾರಾಯ. ಗಾಡಿಗೆ ಚಾ ಬೇಕಂತೆ. ದೊಡ್ಡ ರೇಟಿನ ಗಾಡಿ, ಹೊತ್ತಿಗೆ ಸರಿಯಾಗಿ ಕೇಳ್ತದೆ."

"ನಿಲ್ಲಿಸುದಾ?"

"ಅದು ಕೇಳುವಾಗ ಇಲ್ಲ ಅನ್ನುದು ಹೇಗೆ?"

ರಬಾಳೆಯಲ್ಲಿ ನಿಲ್ಲಿಸಿದೆ. ಮೆಟ್ಟಿಲು ಹೊರಗೆ ಬಂತು. ಅವರು ಇಳಿಯಲಿಲ್ಲ, ಆ ಮೆಟ್ಟಿಲ ಮೇಲೆ ಕಾಲಿಟ್ಟು ಬಾಗಿಲಲ್ಲೇ ಕೂತು ರಸ್ತೆ ಬದಿಯ ಟಪರಿ ಅಂಗಡಿಯ ಚಾ ಕುಡಿದರು. ಆಪರೇಷನ್ ಆದ ಮೇಲೆ ಅವರು ಮನೆಯ ಹೊರಗೆ ಚಾ ಕುಡಿದದ್ದು ಅದೇ ಮೊದಲು. ಅಲ್ಲಿಂದ ಅದೇ ರೂಢಿಯಾಯಿತು. ಪ್ರತಿ ಮಂಗಳವಾರ, ಶುಕ್ರವಾರ ಮೂರನೆಯದೋ ನಾಲ್ಕನೆಯದೋ ನಮಸ್ಕಾರಕ್ಕೆ ಗಂಟೆ ಹೊಡೆಯುತ್ತಿತ್ತು, ಕಪ್ಪು ಬರುತ್ತಿತ್ತು, ನಾವು ರಬಾಳೆಯಲ್ಲಿ ನಿಲ್ಲುತ್ತಿದ್ದೆವು. ಒಂದೊಂದು ದಿನ ದಿಘಾದಲ್ಲಿ ಮತ್ತೆ ಕಪ್ಪು ಬರುತ್ತಿತ್ತು. "ಈಗ ಕುಡಿದದ್ದು ಸಾಲಲಿಲ್ವಂತಾ?" ಎಂದು ವಿನೋದಮ್ಮ ಗಾಡಿಯನ್ನೇ ಕೇಳುತ್ತಿದ್ದರು. ಹೀಗೆ ಮೂರು ತಿಂಗಳು ಹೋಯಿತು. ಮಳೆ ಬಂತು, ಹೆಚ್ಚಾಯಿತು, ಇಳಿಯಿತು.

ಗಣಪತಿಯ ಎರಡನೆಯ ದಿನ ಸಂಜೆ ವಿಶಾಲಣ್ಣ ನನ್ನನ್ನು ಮೇಲೆ ಕರೆದರು. ಹಾಲಿನಲ್ಲಿ ಅವರು, ಶ್ರದ್ಧಾ, ವಿನೋದಮ್ಮ ಇದ್ದರು. ನನ್ನ ಕೈಗೆ ಮೋದಕದ ತಟ್ಟೆ ಕೊಟ್ಟರು. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದರು.

"ನೂರಕ್ಕೆ ನಲವತ್ತೊಂದು, ಕಮಲಣ್ಣ."

ನಾನು ತಟ್ಟೆ ಹಿಡಿದು ನಿಂತೆ.

"ಕಣ್ಣು ಮುಚ್ಚಿದ್ದು, ಕೈ ಬಿಟ್ಟದ್ದು ಎಲ್ಲ ಬರೆದುಂಟು ಇದ್ರಲ್ಲಿ. ನಿದ್ದೆ ಬರ್ತಾ ಉಂಟು, ನಿಲ್ಲಿಸಿ ಕಾಫಿ ಕುಡೀರಿ ಅಂತ ಗಾಡಿ ಎಷ್ಟು ಸಲ ಹೇಳಿದೆ ನೋಡಿ."

ವಿನೋದಮ್ಮ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಅದು ಕಾಫಿಯಾ?" ಎಂದರು ಅವರು. "ನಾವು ಚಾ ಅಂತ ಮಾಡಿದ್ದು."

ಶ್ರದ್ಧಾ ಲೆಕ್ಕದ ಕೆಲಸ ಮಾಡುವವರು, ಯಾವುದನ್ನೂ ಎರಡು ಸಲ ನೋಡುತ್ತಾರೆ. "ಥಾಂಬಾ, ನಿಲ್ಲಿ ವಿಶಾಲ್. ಇವರು ನಿದ್ದೆ ಮಾಡುದಲ್ಲ. ಮ್ಯಾಪ್ ನೋಡಿ. ದಿನಾ ಅದೇ ಏಳು ಜಾಗ. ನಿದ್ದೆ ಹಾಗೆ ಬರುದಿಲ್ಲ. ಕಮಲಣ್ಣ, ಅಲ್ಲಿ ಎಂತ ಉಂಟು?"

"ಗುಡಿ" ಎಂದೆ. "ಕೈ ಮುಗಿಯುದು."

ವಿಶಾಲಣ್ಣ ಫೋನಿನಲ್ಲಿ ಗಾಡಿಯ ಮುಂದಿನ ಕ್ಯಾಮೆರಾದ ಚಿತ್ರ ಹಾಕಿದರು. ಮಾರುತಿ ಬಂದ, ಹೋದ. ಆಮೇಲೆ ಕೋಪರಖೈರಣೆಯ ತಿರುವು. ಪರದೆಯಲ್ಲಿ ಬೂದು ಬಣ್ಣದ ಕಂಬ, ಅದರ ಮೇಲೆ ಟ್ಯೂಷನ್ ಕ್ಲಾಸಿನ ಜಾಹೀರಾತು.

"ಇಲ್ಲಿ ಎಲ್ಲಿ ಗುಡಿ?" ಎಂದರು ವಿಶಾಲಣ್ಣ.

"ಇತ್ತು."

"ಯಾವಾಗ?"

"ಎರಡು ಸಾವಿರದ ಏಳರ ತನಕ ಇತ್ತು."

ವಿಶಾಲಣ್ಣ ಫೋನನ್ನು ಮೇಜಿನ ಮೇಲೆ ಇಟ್ಟರು.

"ನಾನೂ ಮುಗೀತೇನೆ ಅಲ್ಲಿ" ಎಂದರು ವಿನೋದಮ್ಮ. "ದತ್ತ ಇದ್ದದ್ದು ಹೌದು. ನಿನ್ನ ಅಪ್ಪನಿಗೆ ಕೇಳಿದ್ರೆ ಗೊತ್ತಾಗ್ತಿತ್ತು."

"ಅಮ್ಮ, ನೀನು ಹಿಂದೆ ಕೂತು ನೂರು ಸಲ ಮುಗಿ. ಸ್ಟೇರಿಂಗ್ ನಿನ್ನ ಕೈಯಲ್ಲಿ ಇಲ್ಲ. ಅರವತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರ್ ಹೋಗ್ತದೆ. ಹದಿನಾರು ಮೀಟರ್ ಇವರು ಕಣ್ಣು ಮುಚ್ಚಿ ಓಡಿಸ್ತಾರೆ. ಏಳು ಸಲ. ಅದೂ ಕಂಬಕ್ಕೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಜಯಶೀಲಣ್ಣನ ಮಾತನ್ನು ಹೇಳೋಣ ಎಂದುಕೊಂಡೆ. ಕೈಯಲ್ಲಿ ಮೋದಕದ ತಟ್ಟೆ ಇತ್ತು. ಹೇಳಲಿಲ್ಲ.

"ದಸರಾ ತನಕ ಕೊಡಿ" ಎಂದೆ. "ಬಿಡ್ತೇನೆ."

"ಕೆಲಸವಾ?" ಎಂದು ಶ್ರದ್ಧಾ ಕೇಳಿದರು.

"ಅಲ್ಲ. ಕೈ ಮುಗಿಯುದು."

ಮನೆಗೆ ಹೋಗಿ ಹರಿಣಾಕ್ಷಿಗೆ ಹೇಳಿದೆ. ಮದುವೆಯಾಗಿ ಮೂವತ್ತೆಂಟು ವರ್ಷ, ನಾನು ಹೇಳುವುದಕ್ಕಿಂತ ಹೇಳದ್ದನ್ನು ಅವಳು ಹೆಚ್ಚು ಕೇಳುತ್ತಾಳೆ. ಮೀನಿನ ಸಾರು ಬಡಿಸುತ್ತ, "ಆ ಗಾಡಿಗೆ ನಿಮ್ಮ ಕಣ್ಣು ಮಾತ್ರ ಕಾಣುದಾ? ಎದುರು ದೇವರಿದ್ರೆ ಕಾಣುದಿಲ್ವಾ?" ಎಂದಳು.

"ಅಲ್ಲಿ ದೇವರಿಲ್ಲ, ಕಂಬ."

"ಹಾಗಾದ್ರೆ ಬಿಡಿ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಬಿಡ್ಲಿಕ್ಕೆ ಆಗ್ತದಾ?"

ಆಯಿತು. ಮೊದಲ ವಾರ ಕೈ ತಾನಾಗಿ ಏಳುತ್ತಿತ್ತು. ಎಡಗೈಯಿಂದ ಬಲಗೈಯನ್ನು ಸ್ಟೇರಿಂಗಿಗೆ ಒತ್ತಿ ಹಿಡಿಯುತ್ತಿದ್ದೆ. ಮಾರುತಿ ಬರುವ ಮೊದಲೇ ಮುಂದಿನ ಲಾರಿಯ ನಂಬರ್ ಪ್ಲೇಟ್ ಓದಲು ಶುರು ಮಾಡುತ್ತಿದ್ದೆ. ಹಿಂದೆ ವಿನೋದಮ್ಮನೂ ಕೈ ಮುಗಿಯುವುದನ್ನು ನಿಲ್ಲಿಸಿದರು. ನಾನು ಹೇಳಿರಲಿಲ್ಲ. ನನ್ನ ಕೈ ಏಳದಿದ್ದರೆ ಅವರ ಕೈಯೂ ಏಳುತ್ತಿರಲಿಲ್ಲ, ಅಷ್ಟೇ. ಗಂಟೆ ಹೊಡೆಯಲಿಲ್ಲ, ಕಪ್ಪು ಬರಲಿಲ್ಲ. ಚಾಕ್ಕೆ ನಿಲ್ಲಿಸಲೇ ಎಂದು ಒಂದು ಸಲ ಕೇಳಿದೆ. "ಬೇಡ, ಅದು ಕೇಳ್ಲಿಲ್ಲಲ್ಲ" ಎಂದರು.

ಎರಡನೆಯ ವಾರ ಅಂಕ ಎಪ್ಪತ್ತೆಂಟು. ಮೂರನೆಯ ವಾರ ತೊಂಬತ್ತು. ವಿಶಾಲಣ್ಣ ಪಾರ್ಕಿಂಗಿಗೆ ಇಳಿದು ಬಂದು ಬೆನ್ನು ತಟ್ಟಿದರು. ಮೂರನೆಯ ವಾರದಲ್ಲೇ ಇನ್ನೊಂದು ಆಯಿತು. ಅವರನ್ನು ಡೊಂಬಿವಲಿಯ ಹೋಟೆಲಿಗೆ ಕರೆದೊಯ್ಯುತ್ತಿದ್ದೆ. ಮಹಾಪೆಯಲ್ಲಿ ಬ್ರಿಜ್ ಹತ್ತದೆ ಬದಿಯ ರಸ್ತೆಗೆ ಇಳಿದು ತಿರುಗಬೇಕು. ನಾನು ನೇರ ಬ್ರಿಜ್ ಹತ್ತಿದೆ. ಘಣಸೋಲಿಗೆ ಹೋಗಿ ತಿರುಗಿಸಿಕೊಂಡು ಬರಬೇಕಾಯಿತು.

"ಎಂತ ಕಮಲಣ್ಣ, ದಾರಿ ಮರೆತು ಹೋಯ್ತಾ?" ಎಂದು ಅವರು ಫೋನಿನಿಂದ ತಲೆ ಎತ್ತದೆ ನಕ್ಕರು.

ದಾರಿ ಮರೆತಿರಲಿಲ್ಲ. ದತ್ತನಿಗೆ ಕೈ ಎತ್ತಿದ ಮೇಲೆ ಬದಿಗೆ ಬರಬೇಕು ಎಂದು ನನ್ನ ಕೈಗೆ ಗೊತ್ತಿತ್ತು. ಕೈ ಎತ್ತಲಿಲ್ಲ, ಬದಿಗೆ ಬರಲಿಲ್ಲ. ಆ ದಿನದ ಅಂಕ ತೊಂಬತ್ತೆರಡು.

ಸೆಪ್ಟೆಂಬರ್ ಮೂವತ್ತು, ಮಂಗಳವಾರ. ನವರಾತ್ರಿಯ ಅಷ್ಟಮಿ. ಮಾನಸಿಗೆ ಶಾಲೆ ಇರಲಿಲ್ಲ, ಅಜ್ಜಿಯ ಜೊತೆ ಬಂದಳು. ಹತ್ತು ಗಂಟೆಗೆ ಹೊರಟೆವು. ಮಳೆ ಬಂದು ನಿಂತಿತ್ತು, ರಸ್ತೆ ತೊಳೆದಂತೆ ಇತ್ತು. ಮಾನಸಿ ಕಿವಿಗೆ ಸಿಕ್ಕಿಸಿಕೊಂಡು ಏನೋ ಕೇಳುತ್ತಿದ್ದಳು. ವಿನೋದಮ್ಮ ಸೀಟಿನ ಬೆನ್ನನ್ನು ಹಿಂದಕ್ಕೆ ಮಾಡಿ, ತಣ್ಣನೆ ಗಾಳಿ ಹಾಕಿಸಿಕೊಂಡು ಕಣ್ಣು ಮುಚ್ಚಿದ್ದರು. ಗಾಡಿ ತಾನೇ ವೇಗ ಹಿಡಿಯುವ ಗುಂಡಿಯನ್ನು ತುರ್ಭೆ ದಾಟಿದ ಮೇಲೆ ಒತ್ತಿದೆ. ಅರವತ್ತು. ಮುಂದೆ ಒಂದು ಟೆಂಪೋ ಇತ್ತು. ಅದು ನಿಧಾನವಾದರೆ ನಮ್ಮದೂ ನಿಧಾನ, ಅದು ಓಡಿದರೆ ನಮ್ಮದೂ ಓಟ. ನನ್ನ ಎರಡೂ ಕೈ ಸ್ಟೇರಿಂಗಿನ ಮೇಲಿತ್ತು. ಕಣ್ಣು ತೆರೆದು ಎದುರಿಗೇ ಇತ್ತು.

ಆಮೇಲೆ ಐರೋಳಿಯ ಬೋರ್ಡು ಕಂಡಿತು.

ಐರೋಳಿ ಬರಬೇಕಾದರೆ ಘಣಸೋಲಿ ದಾಟಬೇಕು, ರಬಾಳೆ ದಾಟಬೇಕು. ರಬಾಳೆಯಲ್ಲಿ ಒಂದು ಸಿಗ್ನಲ್ ಇದೆ. ಅದು ಕೆಂಪಿತ್ತೋ ಹಸಿರಿತ್ತೋ ನನಗೆ ಗೊತ್ತಿರಲಿಲ್ಲ. ನಿಂತೆವೋ ಇಲ್ಲವೋ ಗೊತ್ತಿರಲಿಲ್ಲ. ಮುಂದಿದ್ದ ಟೆಂಪೋ ಎಲ್ಲಿ ಹೋಯಿತು ಗೊತ್ತಿರಲಿಲ್ಲ. ಈಗ ಮುಂದೆ ಒಂದು ಬಿಳಿ ಬಸ್ಸು ಇತ್ತು. ಗಾಡಿ ಪಟ್ಟಿಯ ಸರಿಯಾಗಿ ನಡುವೆ ಹೋಗುತ್ತಿತ್ತು.

ಎಡಕ್ಕೆ ತೆಗೆದು ನಿಲ್ಲಿಸಿದೆ. ಮೆಟ್ಟಿಲು ಹೊರಗೆ ಬರಲಿಲ್ಲ, ಯಾರೂ ಬಾಗಿಲು ತೆಗೆದಿರಲಿಲ್ಲ.

"ಎಂತಾಯ್ತು?" ಎಂದು ವಿನೋದಮ್ಮ ಎದ್ದರು.

"ಏನಿಲ್ಲ ಅಮ್ಮ. ಐದು ನಿಮಿಷ."

"ಅಜ್ಜಾ, ಉಶೀರ್ ಹೋತೋಯ್" ಎಂದಳು ಮಾನಸಿ. ತಡವಾಗುತ್ತಿತ್ತು, ಹೌದು. ನಾನು ಕೆಳಗಿಳಿದು ಗಾಡಿಯ ಮುಂದೆ ಹೋಗಿ ನಿಂತೆ. ಬಂಪರಿನ ಮೇಲೆ ಏನೂ ಗುರುತು ಇರಲಿಲ್ಲ. ಸುತ್ತು ಬಂದೆ. ಯಾವ ಕಡೆಯೂ ಇರಲಿಲ್ಲ. ಬಾಟಲಿಯ ನೀರನ್ನು ಮುಖಕ್ಕೆ ಹಾಕಿಕೊಂಡು ಮತ್ತೆ ಹತ್ತಿದೆ. ಆ ಗುಂಡಿಯನ್ನು ಒತ್ತಲಿಲ್ಲ. ಠಾಣೆಗೆ ಹೋಗಿ, ಕಾದು, ವಾಪಸು ಬಂದೆ.

ಸಂಜೆ ವಿಶಾಲಣ್ಣ ಫೋನ್ ಮಾಡಿದರು. "ಕಮಲಣ್ಣ, ತೊಂಬತ್ತಾರು. ಇಷ್ಟು ತನಕ ಇದೇ ಹೆಚ್ಚು. ಶ್ರದ್ಧಾಳಿಗೂ ಇಷ್ಟು ಬರ್ಲಿಲ್ಲ. ಇನ್ನು ಯಾರೂ ಎಂತ ಹೇಳುದಿಲ್ಲ, ನೀವೇ ಓಡಿಸಿ."

ಆಯಿತು ಎಂದೆ.

ಮರುದಿನ ಬುಧವಾರ ಆಯುಧಪೂಜೆ. ಬೆಳಿಗ್ಗೆ ಗಾಡಿ ತೊಳೆದು, ಗೊಂಡೆ ಹೂವಿನ ಮಾಲೆ ಕಟ್ಟಿ, ಕುಂಬಳಕಾಯಿ ಒಡೆದೆವು. ಎಲ್ಲರೂ ಮೇಲೆ ಹೋದ ಮೇಲೆ ವಿಶಾಲಣ್ಣ ಒಬ್ಬರೇ ಇದ್ದರು. ಆಗ ಹೇಳಿದೆ. ಘಣಸೋಲಿಯಿಂದ ಐರೋಳಿಯ ತನಕ ನಾನು ಇರಲಿಲ್ಲ ಎಂದೆ.

"ಇರ್ಲಿಲ್ಲ ಅಂದ್ರೆ?"

"ಮಲಗಿದ ಹಾಗೆ."

"ಕಣ್ಣು ತೆರೆದೇ ಇತ್ತಲ್ಲ. ರಿಪೋರ್ಟಿನಲ್ಲಿ ಉಂಟು."

"ತೆರೆದಿತ್ತು."

"ಮತ್ತೆ?"

ಆಗ ಜಯಶೀಲಣ್ಣನ ಮಾತನ್ನು ಹೇಳಿದೆ. ನಾನು ಅವರ ಎದುರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಕೈ ಎತ್ತುವುದು ನಿದ್ದೆಯಲ್ಲ, ನಿದ್ದೆ ಬಾರದಿರಲಿಕ್ಕೆ ಎಂದೆ. ಏಳನ್ನು ಎಣಿಸುತ್ತ ಹೋದರೆ ನಾನು ದಾರಿಯಲ್ಲಿ ಇರುತ್ತೇನೆ, ಎಣಿಸದಿದ್ದರೆ ಗಾಡಿ ಮಾತ್ರ ಇರುತ್ತದೆ ಎಂದೆ. ಅವರು ಮಾಲೆಯಿಂದ ಬಿದ್ದ ಹೂವನ್ನು ಕಾಲಿನಿಂದ ಬದಿಗೆ ಸರಿಸುತ್ತ ಕೇಳಿದರು.

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಕೈಯಲ್ಲಿ ಮೋದಕದ ತಟ್ಟೆ ಇತ್ತು" ಎಂದೆ.

ಅವರು ಬಾಗಿ, ಬಿದ್ದ ಹೂವನ್ನು ಎತ್ತಿ ಬಾನೆಟ್ಟಿನ ಮೇಲೆ ಇಟ್ಟರು. ಆಮೇಲೆ, "ಆ ಕ್ಯಾಮೆರಾ ಬಂದ್ ಮಾಡುವ. ಸೆಟ್ಟಿಂಗಿನಲ್ಲಿ ಆಗ್ತದೆ. ನೀವು ಮೊದಲಿನ ಹಾಗೆ ಮುಗಿಯಿರಿ. ನಾನೇ ಹೇಳ್ತಾ ಇದ್ದೇನೆ" ಎಂದರು. ಅವರು ಮನಸ್ಸಿಟ್ಟೇ ಹೇಳಿದ್ದು. ಆ ಹೊತ್ತಿಗೆ ಅವರ ಮುಖ ಎಂಟು ವರ್ಷದ ಹುಡುಗನದ್ದೇ ಇತ್ತು.

ಶುಕ್ರವಾರ ಅದೇ ರಸ್ತೆ. ಕ್ಯಾಮೆರಾ ಬಂದ್ ಇತ್ತು. ವಿನೋದಮ್ಮನಿಗೆ ಮಗ ಎಲ್ಲ ಹೇಳಿದ್ದರು. ಅವರು ಅಂದು ಸೀಟನ್ನು ಹಿಂದೆ ಮಾಡಲಿಲ್ಲ, ನೇರ ಕೂತಿದ್ದರು. ಮಾರುತಿಗೆ ಕೈ ಎತ್ತಿದೆ. ಅವರೂ ಮುಗಿದರು. ದತ್ತನ ಕಂಬಕ್ಕೆ ಕೈ ಎತ್ತಿದೆ. ಘಣಸೋಲಿಯ ಗೋರಿಗೆ ಎತ್ತಿದೆ. ಹೀಗೆ ಠಾಣೆಗೆ ಬಂದು, ಆಸ್ಪತ್ರೆಯ ಎದುರು ಗಾಡಿ ನಿಲ್ಲಿಸಿ, ಮನಸ್ಸಿನಲ್ಲೇ ಎಣಿಸಿದೆ. ಐದು ಬಂತು. ಮತ್ತೆ ಎಣಿಸಿದೆ. ಐದೇ.

"ಅಮ್ಮ, ರಬಾಳೆಯಲ್ಲಿ ನಾನು ಕೈ ಎತ್ತಿದೆನಾ?"

ವಿನೋದಮ್ಮ ಕೋಲು ಹುಡುಕುತ್ತಿದ್ದರು. ಹುಡುಕುವುದನ್ನು ನಿಲ್ಲಿಸಿದರು.

"ಇಲ್ಲ" ಎಂದರು. "ದಿಘಾದಲ್ಲೂ ಇಲ್ಲ. ನೀನು ಬೇಕಂತ ಬಿಟ್ಟದ್ದು ಅಂತ ನಾನು ಸುಮ್ಮನಿದ್ದೆ."

"ಬೇಕಂತ ಅಲ್ಲ."

ಅವರು ಕೋಲನ್ನು ಕೈಗೆ ತೆಗೆದುಕೊಂಡರು. ಬಾಗಿಲು ತೆಗೆದೆ, ಮೆಟ್ಟಿಲು ಬಂತು, ಅವರು ನನ್ನ ಭುಜ ಹಿಡಿದು ಇಳಿದರು. ಇಳಿದ ಮೇಲೂ ಭುಜ ಬಿಡಲಿಲ್ಲ.

"ವಿಶಾಲನಿಗೆ ನಾನು ಹೇಳುದಾ, ನೀನು ಹೇಳ್ತೀಯಾ?"

"ನಾನೇ ಹೇಳ್ತೇನೆ."

"ಇವತ್ತು ವಾಪಸು?"

"ನಿಮ್ಮ ಸೊಸೆಯನ್ನು ಕರೀತೇನೆ ಅಮ್ಮ. ಆಫೀಸಿನಿಂದ ರಿಕ್ಷಾದಲ್ಲಿ ಬರ್ಲಿ. ವಾಪಸು ಅವರು ಓಡಿಸ್ಲಿ."

ಶ್ರದ್ಧಾ ಒಂದು ಗಂಟೆಗೆ ಬಂದರು. ನಾನು ಪಕ್ಕದ ಸೀಟಿನಲ್ಲಿ ಕೂತೆ. ಆ ಗಾಡಿಯಲ್ಲಿ ಸ್ಟೇರಿಂಗ್ ಇಲ್ಲದ ಕಡೆ ಕೂತದ್ದು ಅದೇ ಮೊದಲು. ಅವರು ಚೆನ್ನಾಗಿ ಓಡಿಸಿದರು. ಲೇನ್ ಬದಲಿಸುವಾಗ ಕನ್ನಡಿ ನೋಡಿದರು, ತಿರುಗಿಸುವಾಗ ಅಡ್ಡ ಬಂದ ರಿಕ್ಷಾದವನಿಗೆ ಮರಾಠಿಯಲ್ಲಿ ಎರಡು ಮಾತು ಹೇಳಿದರು. ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಸಂಜೆ ವಿಶಾಲಣ್ಣನಿಗೆ ಹೇಳಿದೆ. ಅವರು ಬೇಡ ಎನ್ನಲಿಲ್ಲ. ಸಂಬಳ ಮುಂದೆಯೂ ಕೊಡುತ್ತೇವೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ಬಂದು ಕೂತಿರಿ ಎಂದರು. ನೋಡುವ ಎಂದೆ.

ಬೆಳಿಗ್ಗೆ ಪಾರ್ಕಿಂಗಿಗೆ ಹೋಗಿ ನನ್ನ ಕನ್ನಡಕದ ಡಬ್ಬಿ, ಒರೆಸುವ ಬಟ್ಟೆ, ಒಂದು ಛತ್ರಿ ತೆಗೆದುಕೊಂಡೆ. ಮಾನಸಿ ಇಳಿದು ಬಂದಿದ್ದಳು. ಪರದೆಯಲ್ಲಿ ನನ್ನ ಹೆಸರು ಇತ್ತಂತೆ. ಯಾರು ಕೂತರೆ ಸೀಟು ಎಷ್ಟು ಹಿಂದೆ, ಕನ್ನಡಿ ಎಷ್ಟು ಓರೆ ಎಂದು ಗಾಡಿ ನೆನಪಿಡುತ್ತದಂತೆ. ಹೆಸರು ತೆಗೆದರೆ ಅದೂ ಹೋಗುತ್ತದೆ.

"ತೆಗೀಲಾ ಅಜ್ಜ?" ಎಂದಳು. ಅವಳು ನನ್ನ ಹತ್ತಿರ ಕನ್ನಡದಲ್ಲಿ ಹೇಳಿದ ಮಾತುಗಳು ಕಡಿಮೆ.

"ತೆಗಿ."

ಅವಳು ಬೆರಳು ಒತ್ತಿದಳು. ಖಾಲಿ ಸೀಟು ಮೆಲ್ಲನೆ ಮುಂದಕ್ಕೆ ಸರಿದು, ಶ್ರದ್ಧಾರ ಅಳತೆಗೆ ಬಂದು ನಿಂತಿತು. ಕನ್ನಡಿಗಳು ಎರಡೂ ಬದಿ ತಿರುಗಿ ನಿಂತವು.

ವಿನೋದಮ್ಮ ಬಾಲ್ಕನಿಯಿಂದ ಕೈ ಆಡಿಸಿದರು. ನಾನು ಗೇಟು ದಾಟಿ, ಸಾನಪಾಡಾ ಸ್ಟೇಷನ್ನಿನ ಕಡೆ ನಡೆದು, ಮಾರುತಿಯ ಎದುರು ನಿಂತು ಕೈ ಮುಗಿಯಲು ತುರ್ಭೆಗೆ ಒಂದು ಟಿಕೆಟು ತೆಗೆದೆ. ಲೋಕನಾಥ ಶೆಟ್ಟರ ಮನೆಯ ಕೆಲಸ ನಾನು ಬಿಟ್ಟದ್ದು ಹೀಗೆ, ದಸರಾ ಕಳೆದು ಎರಡು ದಿನಕ್ಕೆ, ಅಕ್ಟೋಬರ್ ನಾಲ್ಕು, ಶನಿವಾರ.